ಕಣಜದ ಹಿಂದೆ ಉಳಿದ ಗಂಟು

ಹನ್ನೊಂದು ಗಂಟುಗಳನ್ನು ನಾಲ್ಕಕ್ಕೆ ಇಳಿಸಿದ ವೀರನನ್ನು ನೀವು ನೋಡಿದ್ದೀರಾ?

ನೋಡಿಲ್ಲವಾದರೆ ಈ ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ರಜೆಯ ಮೊದಲ ದಿನ ಹಳಿಯಾಳದ ನಮ್ಮ ಪಡಸಾಲೆಗೆ ಬರಬೇಕಿತ್ತು. ಸೊಂಟಕ್ಕೆ ಟವೆಲ್ ಬಿಗಿದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹೆಂಡತಿ ಕಟ್ಟಿಟ್ಟ ಗಂಟುಗಳ ನಡುವೆ ನಾನು ನಿಂತಿದ್ದೆ. ಹೊರಗೆ ಮಂಜು ಕವಿದಿತ್ತು. ಒಳಗೆ ಜಗಳ ನಡೆದಿತ್ತು.

ಹೊರಟದ್ದು ಅಣಶಿಗೆ. ಹಳಿಯಾಳದಿಂದ ದಾಂಡೇಲಿ, ಅಲ್ಲಿಂದ ಸೂಪಾ, ಜೋಯಿಡಾ ದಾಟಿ ಇನ್ನೂ ಮುಂದೆ, ಕಾಡಿನೊಳಗೆ. ನನ್ನ ಹೆಂಡತಿ ಗಿರಿಜೆಯ ತಂಗಿ ಕಮಲಾ ಅಲ್ಲಿದ್ದಾಳೆ. ಅವಳ ಗಂಡ ಬಸವರಾಜ ಫಾರೆಸ್ಟ್ ಗಾರ್ಡ್. ಕಮಲಾ ಗಂಡು ಕೂಸು ಹೆತ್ತು ಹತ್ತು ದಿನ ಕಳೆದಿತ್ತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು. ನನ್ನ ಅತ್ತೆ, ಮಾವ ಇಬ್ಬರೂ ಈಗಿಲ್ಲ. ಹಾಗಾಗಿ ಕಮಲಾಗೆ ತವರು ಎಂದರೆ ನಾವೇ: ನಾನು, ಗಿರಿಜೆ, ಆರು ವರ್ಷದ ಉಮಾ, ಮೂರು ವರ್ಷದ ಮಲ್ಲು. ನನ್ನ ಅವ್ವ ಎಮ್ಮೆಯನ್ನು ಬಿಟ್ಟು ಎಲ್ಲಿಗೂ ಬರುವವಳಲ್ಲ. ಆಕೆ ಮನೆಯಲ್ಲೇ ಉಳಿಯುವುದೆಂದು ಗೊತ್ತಾಗಿತ್ತು.

ನಾಲ್ಕು ದಿನದ ಪ್ರಯಾಣ. ಅದಕ್ಕೆ ಹನ್ನೊಂದು ಗಂಟು!

“ಇಷ್ಟೆಲ್ಲ ಯಾಕ?” ಎಂದೆ.

“ಥಂಡಿ ಐತ್ರಿ. ಹುಡುಗ್ರು ಅದಾವ,” ಎಂದಳು ಗಿರಿಜೆ.

ಈ ಎರಡು ಮಾತು ಆಡಿ ನಮ್ಮ ಹೆಂಗಸರು ಇಡೀ ಮನೆಯನ್ನೇ ಬಸ್ಸಿನ ಟಪ್ಪಿನ ಮೇಲೆ ಏರಿಸಬಲ್ಲರು. ಉತ್ತರ ಕೊಡುವುದು ಹೇಗೆ? ಥಂಡಿ ಇರುವುದು ಖರೆ. ಹುಡುಗರಿರುವುದೂ ಖರೆ.

ಆದರೆ ನಾನು ಹಿಂದೆ ಸರಿಯುವಂತಿರಲಿಲ್ಲ. ಯಾಕೆಂದರೆ, ಇದೇ ಅಂಕಣದಲ್ಲಿ ದೀಪಾವಳಿಯ ಹೊತ್ತಿಗೆ ನಾನೊಂದು ಘನವಾದ ಲೇಖನ ಬರೆದಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಳ್ನಾವರ ಸ್ಟೇಷನ್ನಿನಲ್ಲಿ ಒಬ್ಬ ಸಾಹೇಬರು, ಅವರ ಹೆಂಡತಿ, ಇಬ್ಬರು ಮಕ್ಕಳು ಒಂದೇ ಒಂದು ಸೂಟ್‌ಕೇಸ್ ಹಿಡಿದು ರೈಲಿನಿಂದ ಇಳಿದದ್ದನ್ನು ಕಂಡು ನಾನು ಮರುಳಾಗಿದ್ದೆ. ಆಹಾ, ಏನು ಶಿಸ್ತು! ನಮ್ಮವರು ಯಾಕೆ ಹೀಗಿಲ್ಲ? ಪ್ರವಾಸವೆಂದರೆ ಮನೆ ಬಿಟ್ಟು ಹೋಗುವುದೋ, ಮನೆ ಹೊತ್ತು ಹೋಗುವುದೋ? ಇತ್ಯಾದಿ ಇತ್ಯಾದಿ. ಮೆಚ್ಚಿ ಹಲವರು ಕಾರ್ಡು ಬರೆದಿದ್ದರು. (ಎಲ್ಲರೂ ಗಂಡಸರು. ಅದು ನನ್ನ ಗಮನಕ್ಕೆ ಬಂದದ್ದು ಈಗ.)

ಬರೆದವನು ಮಾಡಿ ತೋರಿಸಬೇಡವೇ? ಶುರು ಮಾಡಿದೆ.

ಮಲ್ಲುವಿಗೆ ಎರಡು ಸ್ವೆಟರ್ ಯಾಕೆ, ಒಂದು ಸಾಕು. ಉಮಾಳ ಪಾಟಿ ಬೇಡ. ಅಂಟಿನ ಉಂಡೆಯ ದೊಡ್ಡ ಡಬ್ಬಿ ಬೇಡ, ಸಣ್ಣದರಲ್ಲಿ ಹಿಡಿದಷ್ಟು ಸಾಕು. ಮಕ್ಕಳ ಹಳೆಯ ಲಂಗೋಟಿಯ ಗಂಟು ಯಾಕೆ? ಅಣಶಿಯಲ್ಲಿ ನೀರಿಲ್ಲವೇ, ಒಗೆದು ಹಾಕಿದರಾಯಿತು. ಬಿಸಿನೀರು ಕಾಯಿಸುವ ತಪ್ಪೇಲಿ? ಬಸವರಾಜನ ಮನೆಯಲ್ಲಿ ಪಾತ್ರೆ ಇಲ್ಲವೇ? ರೊಟ್ಟಿಯ ಬುತ್ತಿಯನ್ನು ಮಾತ್ರ ಮುಟ್ಟಲಿಲ್ಲ. ಅಷ್ಟು ಧೈರ್ಯ ನನಗೂ ಇಲ್ಲ.

ಉಮಾ ಪಾಟಿ ಹಿಡಿದು ಅತ್ತಳು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಏನಪಾ, ಸನ್ಯಾಸ ತಗೊಳಾಕ ಹೊಂಟೀಯೇನು?” ಎಂದಳು.

ನಾನು ನಕ್ಕೆ. ಗೆಲ್ಲುತ್ತಿರುವವನಿಗೆ ನಗುವುದೇನು ಕಷ್ಟ?

ಕೊನೆಗೆ ಉಳಿದದ್ದು ಒಂದು ಟ್ರಂಕು, ಹಾಸಿಗೆ ಸುತ್ತಿದ ಒಂದು ಹೋಲ್ಡಾಲು, ಬುತ್ತಿಯ ಗಂಟು, ಒಂದು ಕೈಚೀಲ. ಗಿರಿಜೆ ಬಾಯಿ ಬಿಗಿದುಕೊಂಡು ಮಕ್ಕಳಿಗೆ ನೀರು ಹಾಕಲು ಬಚ್ಚಲಿಗೆ ಹೋದಳು. ನಾನು ಹೋಲ್ಡಾಲನ್ನು ಎತ್ತಿ ನೋಡಿದೆ. ಅಬ್ಬಾ! ಕಲ್ಲು ತುಂಬಿದಂತಿತ್ತು. ಬಿಚ್ಚಿದರೆ ತಳದಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಕೌದಿ.

ಕೌದಿ ಎಂದರೆ ನಿಮಗೆ ಗೊತ್ತು. ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ನಮ್ಮ ಹೆಂಗಸರು ಹೊಲಿಯುವ ಹೊದಿಕೆ. ಬೆಚ್ಚಗಿರುತ್ತದೆ, ಭಾರವೂ ಇರುತ್ತದೆ. ನಮ್ಮ ಮನೆಯಲ್ಲೇ ಮೂರಿವೆ. ಆದರೆ ಅವಕ್ಕೆ ಒಂದು ಚಂದ ಇದೆ. ಇದಕ್ಕೆ ಅದೂ ಇರಲಿಲ್ಲ. ಕೆಂಪು ಪಕ್ಕದಲ್ಲಿ ಹಸಿರು, ಚೌಕಡಿ ಅಂಗಿಯ ತುಂಡಿನ ಪಕ್ಕದಲ್ಲಿ ಹೂವಿನ ಫ್ರಾಕು, ಯಾರದೋ ಪಾಯಜಾಮದ ಕಾಲು. ಗಾತ್ರವೂ ಸಣ್ಣದು, ಆದರೆ ದಪ್ಪ. ಎರಡು ತಿಂಗಳಿಂದ ಮಧ್ಯಾಹ್ನದ ಹೊತ್ತು ಗಿರಿಜೆ ಇದನ್ನು ಹೊಲಿಯುತ್ತಿದ್ದುದನ್ನು, ನೆರೆಮನೆಯ ಫಾತಿಮಾ ಬಂದು ಕೂತು ಸೂಜಿಗೆ ದಾರ ಪೋಣಿಸುತ್ತಿದ್ದುದನ್ನು ನಾನು ಕಂಡಿದ್ದೆ. ಏನು, ಯಾರಿಗೆ ಎಂದು ಕೇಳಿರಲಿಲ್ಲ. ನಮ್ಮ ಹುಡುಗರಿಗೆ ಇನ್ನೊಂದು ಇರಲಿ ಎಂದು ಹೊಲಿಯುತ್ತಿದ್ದಾಳೆ ಎಂದುಕೊಂಡಿದ್ದೆ.

ಆಗಲಾದರೂ ಕೇಳಬಹುದಿತ್ತಲ್ಲ? ಬಚ್ಚಲು ಹತ್ತು ಹೆಜ್ಜೆ ದೂರ ಇತ್ತು. ಕೇಳಿದ್ದರೆ ಮತ್ತೆ “ಥಂಡಿ ಐತ್ರಿ” ಎಂಬ ಮಾತು ಬರುತ್ತಿತ್ತು, ಮತ್ತೆ ಜಗಳ ಆಗುತ್ತಿತ್ತು. ಕೌದಿಯನ್ನು ತೆಗೆದೆ. ಅದರ ಜಾಗದಲ್ಲಿ ದಾಂಡೇಲಿಯಿಂದ ತಂದ ಹೊಸ ಉಣ್ಣೆಯ ರಗ್ಗನ್ನು ಮಡಿಚಿಟ್ಟು ಬೆಲ್ಟು ಬಿಗಿದೆ. ಕೌದಿಯನ್ನು ನಡುಮನೆಗೆ ಒಯ್ದು ಭತ್ತದ ಕಣಜದ ಹಿಂದೆ ತುರುಕಿದೆ. ಯಾರೂ ನೋಡಲಿಲ್ಲ.

ಜಗಳ ತಪ್ಪಿಸಲು ಮಾಡಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಅದೇನೋ ಸರಿ. ನೀವೂ ನಿಮ್ಮ ಮನೆಯಲ್ಲಿ ಇಂಥದ್ದು ಒಂದೆರಡು ಮಾಡಿರುತ್ತೀರಿ, ನನ್ನೊಬ್ಬನನ್ನೇ ನೋಡಬೇಡಿ.

ಬಸ್ಸು ದಾಂಡೇಲಿ ಮುಟ್ಟುವ ಮೊದಲೇ ಮಲ್ಲು ತನ್ನ ಒಂದೇ ಒಂದು ಸ್ವೆಟರಿನ ಮೇಲೆ ವಾಂತಿ ಮಾಡಿಕೊಂಡ. ಗಿರಿಜೆ ನನ್ನ ಮುಖ ನೋಡಿದಳು. ನಾನು ನನ್ನ ಶಾಲು ತೆಗೆದು ಅವನಿಗೆ ಸುತ್ತಿದೆ. ಕಾಗದದ ಕಾರ್ಖಾನೆಯ ವಾಸನೆ ಬಂತು. ಬಿದಿರು ಹೇರಿದ ಲಾರಿಗಳ ಹಿಂದೆ ನಮ್ಮ ಬಸ್ಸು ತೆವಳಿತು. ಸೂಪಾದಲ್ಲಿ ಚಹಾ. ಅಲ್ಲಿಂದ ಮುಂದೆ ಹಾದಿಯ ತುಂಬ ಕಾಡು. ಕಿಟಕಿಗೆ ಗಾಜಿರಲಿಲ್ಲ. ಕಂಡಕ್ಟರ್ ಇಮಾಮಸಾಬ್ ನಮ್ಮ ಊರಿನವನೇ, ನನ್ನನ್ನು ಬಲ್ಲವನು. ತಾಡಪತ್ರಿಯ ಪರದೆ ಇಳಿಬಿಟ್ಟು, “ಮಾಸ್ತರ, ಹುಡುಗಗ ಕಿವಿ ಕಟ್ರಿ,” ಎಂದ. ಕಿವಿ ಕಟ್ಟಲು ಏನಿತ್ತು? ಟೋಪಿಗಳನ್ನು ಮನೆಯಲ್ಲೇ ಇಳಿಸಿದ್ದೆ. ಗಿರಿಜೆ ಸೆರಗು ಹೊದಿಸಿದಳು.

ಆದರೂ ನನ್ನ ಹುರುಪು ಇಳಿದಿರಲಿಲ್ಲ. ಅಣಶಿಯಲ್ಲಿ ಇಳಿದಾಗ ಒಂದು ಕೈಯಲ್ಲಿ ಟ್ರಂಕು, ಹೆಗಲಿಗೆ ಹೋಲ್ಡಾಲು. ಕೂಲಿಯವನನ್ನು ಕರೆಯಲಿಲ್ಲ. “ನೋಡಿದೆಯಾ?” ಎಂಬಂತೆ ತಿರುಗಿ ನೋಡಿದೆ. ಗಿರಿಜೆ ಆಗಲೇ ತಂಗಿಯ ಮನೆಯ ಕಡೆ ಓಡುತ್ತಿದ್ದಳು.

ಕಮಲಾ ಒಳಗಿನ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಕೂಸು. ಸೂಲಗಿತ್ತಿಯ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಎದೆಗೆ ಒತ್ತಿ ಹಿಡಿದಿದ್ದಳು. ಅಕ್ಕನನ್ನು ಕಂಡೊಡನೆ ಅವಳು ಕೇಳಿದ ಮೊದಲ ಮಾತು ಕುಶಲದ್ದಲ್ಲ.

“ಅಕ್ಕಾ, ಕೌದಿ ತಂದೀ?”

“ತಂದೇನಿ, ತಂದೇನಿ. ಹನ್ನೊಂದೂ ಮನಿ ಆಗ್ಯಾವ. ತಡಿ, ತೆಗೀತೇನಿ.”

ಹನ್ನೊಂದು ಮನೆ? ನಾನು ಹೊಸ್ತಿಲ ಹೊರಗೆ ನಿಂತೇ ಬಸವರಾಜನನ್ನು ಕೇಳಿದೆ. ಅವನು ದನಿ ತಗ್ಗಿಸಿ ಹೇಳಿದ.

ಕಮಲಾಳ ಮೊದಲ ಕೂಸು ತೇರಗಾಂವದ ತವರಿನಲ್ಲಿ ಹುಟ್ಟಿ ಒಂಬತ್ತು ದಿನ ಬದುಕಿತ್ತು. ಅದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇದು: ಒಂದು ಕೂಸು ಹೋದ ಮನೆಯಲ್ಲಿ ಎರಡನೆಯದಕ್ಕೆ ಆ ಮನೆಯ ಬಟ್ಟೆ ಹಾಕುವುದಿಲ್ಲ. ಹೊಸ ಬಟ್ಟೆಯನ್ನಂತೂ ಹತ್ತಿರ ತರುವುದಿಲ್ಲ. ಮಕ್ಕಳು ಚೆನ್ನಾಗಿ ಬಾಳಿ ಬೆಳೆದ ಮನೆಗಳಿಗೆ ಹೋಗಿ, ಸೆರಗೊಡ್ಡಿ, ಆ ಮಕ್ಕಳು ಉಟ್ಟು ಬಿಟ್ಟ ಬಟ್ಟೆಯ ತುಂಡು ಬೇಡಿ ತರಬೇಕು. ಅದನ್ನು ಹೊಲಿದು ಅದರಲ್ಲೇ ಕೂಸನ್ನು ಮಲಗಿಸಬೇಕು. ಅದನ್ನು ಕಂಡ ವಿಧಿ, ಇದು ಈ ಮನೆಯ ಕೂಸಲ್ಲ, ಯಾರೋ ಭಿಕ್ಷುಕರದು ಎಂದು ಮುಂದೆ ಹೋಗುತ್ತದಂತೆ. ತಾಯಿ ಇದ್ದಿದ್ದರೆ ತಾಯಿ ಬೇಡುತ್ತಿದ್ದಳು. ಇಲ್ಲದ್ದರಿಂದ ಅಕ್ಕ ಬೇಡಿದ್ದಳು. ಹಳಿಯಾಳದ ಹನ್ನೊಂದು ಮನೆಯ ಬಾಗಿಲಲ್ಲಿ, ಮಾಸ್ತರರ ಹೆಂಡತಿ, ಸೆರಗೊಡ್ಡಿ. ಆ ಪಾಯಜಾಮದ ಕಾಲು ಫಾತಿಮಾಳ ಮಗನದು.

“ಅದು ಬರೂ ತನಕ ಕೂಸಿನ್ನ ಕೆಳಗ ಇಡೂದಿಲ್ಲ ಅಂತ ಕುಂತಾಳ್ರಿ ಮಾಮಾ,” ಎಂದ ಬಸವರಾಜ. “ಹತ್ತ ದಿನ ಆತು. ಮಡಿಲಾಗ ಇಟಗೊಂಡ ನಿದ್ದಿ ಮಾಡ್ತಾಳ. ನಾ ಹೇಳಿದ್ರ ಕೇಳವಲ್ಲಳು.”

ಒಳಗೆ ಹೋಲ್ಡಾಲಿನ ಬೆಲ್ಟು ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ ಗಿರಿಜೆಯ ದನಿ.

“ಅಯ್ಯ ಶಿವನ! ಇಲ್ಲಲ್ಲ!”

ಆ ಕ್ಷಣದಲ್ಲಿ ನಾನು ಒಳಗೆ ಹೋಗಿ, “ನಾನೇ ತೆಗೆದಿಟ್ಟೆ, ತಿಳಿಯದೆ ಮಾಡಿದೆ,” ಎಂದಿದ್ದರೆ ಏನಾಗುತ್ತಿತ್ತು? ಬೈಸಿಕೊಳ್ಳುತ್ತಿದ್ದೆ. ಅಷ್ಟೇ. ಮರುದಿನದ ಬಸ್ಸಿನಲ್ಲಿ ಹೇಳಿ ಕಳಿಸಿ ಅದರ ಮರುದಿನ ತರಿಸಬಹುದಿತ್ತು.

ಆದರೆ ನಾನು ಬಾಯಿ ತೆರೆಯುವ ಮೊದಲೇ ಗಿರಿಜೆ ಮಾತಾಡಿದಳು.

“ನಂದ ತಪ್ಪು. ನಿನ್ನೆ ಸಂಜೀಕ ಫಾತಿಮಾಗ ತೋರಸಾಕಂತ ಹೊರಗ ತಗದಿದ್ದೆ. ಮತ್ತ ಒಳಗ ಇಟ್ಟೆನೋ ಇಲ್ಲೋ... ಇಟ್ಟಂಗ ನೆನಪೈತಿ. ಹಾಳ ಮರವು! ಹಡದವ್ವ ಇದ್ದಿದ್ರ ಮರೀತಿದ್ಲೇನು?” ಎಂದು ಹಣೆ ಬಡಿದುಕೊಂಡಳು.

ತಪ್ಪಿಗೆ ಒಬ್ಬ ಯಜಮಾನಿ ಸಿಕ್ಕಿಬಿಟ್ಟಳಲ್ಲ. ನನ್ನ ನಾಲಿಗೆ ಅಲ್ಲೇ ನಿಂತಿತು. ಇರಲಿ, ಸ್ವಲ್ಪ ತಡೆದು ಹೇಳೋಣ ಎಂದುಕೊಂಡೆ.

ಗಿರಿಜೆ ಟ್ರಂಕು ಬಗ್ಗಿಸಿದಳು. ನಾನೂ ಪಕ್ಕದಲ್ಲಿ ಕೂತೆ. ಸೀರೆಗಳ ಮಡಿಕೆ ಬಿಚ್ಚಿ ಬಿಚ್ಚಿ ನೋಡಿದೆವು. ಬುತ್ತಿಯ ಗಂಟನ್ನೂ ಬಿಚ್ಚಿದಳು. ರೊಟ್ಟಿಯ ನಡುವೆ ಕೌದಿ ಇರುತ್ತದೆಯೇ? ಇಲ್ಲ ಎಂದು ಅವಳಿಗೂ ಗೊತ್ತು. ಆದರೂ ನೋಡಿದಳು. ನಾನೂ ಬಗ್ಗಿ ನೋಡಿದೆ. ಟ್ರಂಕಿನಲ್ಲಿ ಆಗ ಏನೇನು ಕಂಡಿತು ಗೊತ್ತೇ? ನನ್ನ ಷೇವಿಂಗ್ ಡಬ್ಬಿ. ಎರಡು ದಪ್ಪ ಪುಸ್ತಕ. ತೊಟ್ಟಿಲ ಶಾಸ್ತ್ರಕ್ಕೆಂದು ಇಸ್ತ್ರಿ ಮಾಡಿಸಿದ ನನ್ನ ಕೋಟು. ಭಾರ ಇಳಿಸುವಾಗ ಇವುಗಳ ಮೇಲೆ ನನ್ನ ಪೆನ್ಸಿಲ್ ಓಡಿರಲಿಲ್ಲ. ನಾನು ಬೇಡವೆಂದು ತೆಗೆದದ್ದೆಲ್ಲ ಅವಳದು ಮತ್ತು ಮಕ್ಕಳದು.

ಕಮಲಾ ಅಳಲಿಲ್ಲ. ಕೂಸನ್ನು ಇನ್ನಷ್ಟು ಒತ್ತಿ ಹಿಡಿದು, “ಇರ್ಲಿ ಬಿಡಕ್ಕ. ಮರವು ಯಾರಿಗಿಲ್ಲ?” ಎಂದಳು. ಅವಳು ಎರಡು ಮಾತು ಬೈದಿದ್ದರೆ ನನಗೆ ಬದುಕಿದಂತಾಗುತ್ತಿತ್ತು.

ನಾನು ಹೊಸ ರಗ್ಗು ತೋರಿಸಿದೆ. “ಇದೂ ಬೆಚ್ಚಗೈತಿ ನೋಡವಾ, ಶುದ್ಧ ಉಣ್ಣಿ,” ಎಂದೆ. ಅವಳು ಅದನ್ನು ಮುಟ್ಟಲಿಲ್ಲ. ಹಾವು ಕಂಡವಳಂತೆ ಹಿಂದೆ ಸರಿದಳು.

ಮರುದಿನ ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ಗಿರಿಜೆ ರಸ್ತೆಯಲ್ಲಿ ನಿಂತಿದ್ದಳು. ಬಸ್ಸಿನಲ್ಲೇ ಬಿದ್ದಿರಬಹುದು ಎಂಬುದು ಅವಳ ಆಸೆ. ಅವಳೊಬ್ಬಳನ್ನೇ ಕಳಿಸುವುದು ಹೇಗೆ? ನಾನೂ ಹೋದೆ. ಇಮಾಮಸಾಬ್ ಸೀಟುಗಳ ಕೆಳಗೆಲ್ಲ ನೋಡಿದ. “ಟಪ್ಪಿನ ಮ್ಯಾಲ ನೋಡ್ರಿ,” ಎಂದಳು ಗಿರಿಜೆ ನನಗೆ. ನಾನು ಏಣಿ ಹತ್ತಿದೆ. ಹೌದು, ಹತ್ತಿದೆ. ಬಾಳೆಗೊನೆ, ಸೈಕಲ್ಲು, ಕೋಳಿ ಬುಟ್ಟಿಗಳ ನಡುವೆ ಕೈಯಾಡಿಸಿ, ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿದ್ದ ವಸ್ತುವನ್ನು ಹುಡುಕಿದೆ. ಕೆಳಗೆ ಅವಳು ಮುಖ ಮೇಲೆತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

“ಇಲ್ಲ,” ಎಂದು ಕೂಗಿದೆ.

ಇಮಾಮಸಾಬನ ಕಿವಿಯಲ್ಲಿ “ನಮ್ಮ ಅವ್ವಗ ಹೇಳು, ಕಣಜದ ಹಿಂದ ಐತಿ” ಎಂದು ಉಸುರಬೇಕೆಂದು ಬಾಯಿಯವರೆಗೆ ಬಂದಿತ್ತು. ಗಿರಿಜೆ ಪಕ್ಕದಲ್ಲೇ ಇದ್ದಳು. ಬಸ್ಸು ಹೊರಟಿತು.

ಆ ಸಂಜೆ ಕೂಸು ಸೀನಿತು.

ಒಂದೇ ಒಂದು ಸೀನು. ಕೂಸುಗಳು ಸೀನುತ್ತವೆ. ಆದರೆ ಆ ಮನೆಯಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಬಸವರಾಜ ಕಟ್ಟಿಗೆ ಒಡೆಯುವುದನ್ನು ನಿಲ್ಲಿಸಿ ಒಳಗೆ ಬಂದ. ಗಿರಿಜೆ ಕೂಸಿನ ಪಾದ ಮುಟ್ಟಿ ನೋಡಿದಳು. ಕಮಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಮಗಳು ಉಮಾ ಅವರನ್ನೆಲ್ಲ ನೋಡಿ, “ಅವ್ವಾ, ಚಿಗವ್ವ ಯಾಕ ಅಳಾಕತ್ಯಾಳ?” ಎಂದಳು. “ಹೊಗಿ ಬಡದೈತಿ, ಸುಮ್ಮನಿರು,” ಎಂದಳು ಗಿರಿಜೆ. ಅವಳ ಕಣ್ಣಿಗೂ ಹೊಗೆ ಬಡಿದಿತ್ತು.

ಚಿಂದಿ ಬಟ್ಟೆಯ ಕೌದಿಯಿಂದ ಕೂಸು ಬದುಕುತ್ತದೆ ಎಂದು ನಾನು ನಂಬುತ್ತೇನೆಯೇ? ಇಲ್ಲ. ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಪ್ರಶ್ನೆ ಅದಾಗಿರಲಿಲ್ಲ. ಒಬ್ಬಳು ತಾಯಿ ಹನ್ನೊಂದು ದಿನದಿಂದ ಬೆನ್ನು ನೆಲಕ್ಕೆ ಹಚ್ಚಿರಲಿಲ್ಲ. ಒಬ್ಬಳು ಅಕ್ಕ ತಾನೇ ತಂಗಿಯ ಮಡಿಲಿಗೆ ಕಲ್ಲು ಹಾಕಿದೆ ಎಂದು ಒಳಗೊಳಗೇ ಬೇಯುತ್ತಿದ್ದಳು. ಇಬ್ಬರಿಗೂ ನಿದ್ದೆ ಕೊಡುವ ವಸ್ತುವನ್ನು ನಾನು ಇಲಿಗಳ ಪಾಲು ಮಾಡಿ ಬಂದಿದ್ದೆ. ನನಗೆ ನಾಚಿಕೆಯಾಯಿತು. ತುಂಬ ನಾಚಿಕೆಯಾಯಿತು. ನಾಚಿಕೆಯಾದರೂ ಹೇಳಲಿಲ್ಲ. ಒಂದು ದಿನ ತಡವಾದ ಮಾತು ಎರಡನೆಯ ದಿನ ಇಮ್ಮಡಿ ತೂಕವಾಗಿರುತ್ತದೆ. ಇದು ಆ ಸಾಹೇಬರ ಸೂಟ್‌ಕೇಸಿಗೂ ಹಿಡಿಸದ ಸಾಮಾನು.

ಆ ಸಾಹೇಬರ ಬಗ್ಗೆಯೂ ಅಲ್ಲಿ ಕೂತು ಯೋಚಿಸಿದೆ. ಅವರ ಕೈ ಹಗುರಾಗಿತ್ತು, ಖರೆ. ಅವರು ಇಳಿಯುವ ಕಡೆ ಬಂಗಲೆ ಇರುತ್ತದೆ. ಅಲ್ಲಿ ಹಾಸಿಗೆ, ಬಿಸಿನೀರು, ಅಡಿಗೆಯವನು ಎಲ್ಲ ಸಿದ್ಧ. ಮಕ್ಕಳ ಸ್ವೆಟರು ಮುಂಚೆಯೇ ಬೇರೆ ಯಾರದೋ ತಲೆಯ ಮೇಲೆ ಹೋಗಿ ಮುಟ್ಟಿರುತ್ತದೆ. ಹಗುರಾಗಿ ನಡೆಯುವವರನ್ನು ಕಂಡು ಹೊಟ್ಟೆಕಿಚ್ಚು ಪಡುವ ಮೊದಲು ಅವರ ಹಿಂದೆ ಯಾರು ಹೊತ್ತು ಬರುತ್ತಿದ್ದಾರೆ ಎಂದು ನಾನು ನೋಡಬೇಕಿತ್ತು. ದೀಪಾವಳಿಯ ಆ ಲೇಖನವನ್ನು ಹಿಂದೆ ತೆಗೆದುಕೊಂಡಿದ್ದೇನೆ. ಕತ್ತರಿಸಿ ಇಟ್ಟುಕೊಂಡವರಿದ್ದರೆ ದಯವಿಟ್ಟು ಒಲೆಗೆ ಹಾಕಿ.

ಹದಿಮೂರನೆಯ ದಿನ. ತೊಟ್ಟಿಲು ಕಟ್ಟಿದ್ದರು. ಅಕ್ಕಪಕ್ಕದ ಕುಣಬಿ ಬುಡಕಟ್ಟಿನ ಹೆಂಗಸರು ಬಂದು ಕೂತಿದ್ದರು. ನಾನು ಕೋಟು ಹಾಕಿಕೊಂಡು ನಿಂತಿದ್ದೆ. ತೊಟ್ಟಿಲಲ್ಲಿ ಸೂಲಗಿತ್ತಿಯ ಸೀರೆಯ ತುಂಡನ್ನೇ ಹಾಸಿದ್ದರು. ಕಮಲಾ ಮಾತ್ರ ಕೂಸನ್ನು ಬಿಡಲೊಲ್ಲಳು. “ಇನ್ನೊಂದ ಸ್ವಲ್ಪ ತಡೀರಿ,” ಎನ್ನುತ್ತಿದ್ದಳು. ಯಾವುದಕ್ಕೆ ತಡೆಯಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ನಿಂತು ಹೋಗುವ ಹಾರ್ನಲ್ಲ, ಯಾರನ್ನೋ ಕರೆಯುವಂಥ ಉದ್ದ ಹಾರ್ನು. ನೋಡಿದರೆ ಇಮಾಮಸಾಬ್ ತಾನೇ ಇಳಿದು, ಕಂಕುಳಲ್ಲಿ ಒಂದು ಗಂಟು ಅವುಚಿಕೊಂಡು, ದರಗಾದ ಚಾದರವನ್ನು ಹಿಡಿದಷ್ಟು ಜೋಪಾನವಾಗಿ ಮನೆಯ ಕಡೆ ಬರುತ್ತಿದ್ದ. ಬಸ್ಸಿನ ತುಂಬ ಜನ ಕಿಟಕಿಯಿಂದ ಇಣುಕುತ್ತಿದ್ದರು.

“ಅಕ್ಕಾರ, ತಗೋರಿ ನಿಮ್ಮ ಕೌದಿ! ಕೌದಿ ಕಳದೈತಿ ಅಂತ ನಿನ್ನೆ ರಾತ್ರಿ ನಿಮ್ಮ ಮನಿಗೆ ಹೋಗಿ ಹೇಳಿದ್ದೆ. ಅಜ್ಜಿ ಮುಂಜಾನೆ ಸ್ಟ್ಯಾಂಡಿಗೆ ಬಂದ ಕೊಟ್ಟಾಳ. ಎಮ್ಮಿ ಹಿಂಡದನ ಬಂದಾಳ ನೋಡ್ರಿ!”

ಗಿರಿಜೆ ಓಡಿಹೋಗಿ ಗಂಟು ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ನನಗೂ ಉಸಿರು ಬಂತು. ಕಂಡಕ್ಟರನ ಪುಣ್ಯ, ಎಲ್ಲ ಸುಸೂತ್ರವಾಯಿತು, ಇನ್ನು ಹೇಳುವ ಅಗತ್ಯವೇ ಇಲ್ಲ ಎಂದುಕೊಳ್ಳುತ್ತಿದ್ದೆ. ಇಮಾಮಸಾಬ್ ಹೋಗಲು ತಿರುಗಿದವನು ಮತ್ತೆ ನಿಂತ.

“ಹಾಂ, ಒಂದ ಮಾತು ಹೇಳಾಕ ಹೇಳ್ಯಾಳ. ಇದ್ದದ್ದ ಇದ್ದಂಗ ಹೇಳು ಅಂದಾಳ. ‘ಭತ್ತದ ಕಣಜದ ಹಿಂದ ಸಿಕ್ಕಿತು. ಇಲಿ ಒಂದ ಮೂಲಿ ಕಡದಿತ್ತು, ತ್ಯಾಪಿ ಹಚ್ಚೇನಿ. ಕೌದಿಗೆ ಕಾಲ ಇರೂದಿಲ್ಲ ಅಂತ ನನ್ನ ಮಗಗ ಹೇಳು.’ ಅಷ್ಟ. ಬರ್ತೇನ್ರಿ ಮಾಸ್ತರ.”

ಬಸ್ಸು ಹೋಯಿತು. ಗಿರಿಜೆ ಗಂಟು ಬಿಚ್ಚಿದಳು. ಒಂದು ಮೂಲೆಯಲ್ಲಿ ಹೊಸ ತೇಪೆ ಇತ್ತು, ನೀಲಿ ಗೆರೆಯದು. ನಾನು ಸಭೆ ಸಮಾರಂಭಗಳಿಗೆ ಹಾಕಿಕೊಳ್ಳುವ ಅಂಗಿಯ ಬೆನ್ನು ಅದು. ಅವ್ವನಿಗೆ ಬೇರೆ ಬಟ್ಟೆ ಸಿಗಲಿಲ್ಲವೇ? ಸಿಕ್ಕಿರುತ್ತದೆ. ಆದರೂ ಅದನ್ನೇ ಕತ್ತರಿಸಿದ್ದಾಳೆ. (ಊರಿಗೆ ಬಂದ ಮೇಲೆ ಕೇಳಿದೆ. “ಹನ್ನೆರಡನೇ ಮನಿ ನಿಂದ ಇರ್ಲಿ ಅಂತ ಹಚ್ಚಿದೆ. ನಿನ್ನ ಮಕ್ಕಳೂ ಬಾಳಿ ಬೆಳ್ಯಾಕತ್ತಾವಲ್ಲ,” ಎಂದಳು. ಉಳಿದ ಅಂಗಿಯನ್ನು ಒಲೆಯ ಮುಂದಿನ ಮಸಿ ಅರಿವೆ ಮಾಡಿಕೊಂಡಿದ್ದಾಳೆ.)

ಗಿರಿಜೆ ತೇಪೆಯ ಮೇಲೆ ಬೆರಳಾಡಿಸಿದಳು. ನನ್ನ ಮುಖ ನೋಡಲಿಲ್ಲ. ಒಳಗೆ ಹೋದಳು. ಕೌದಿಯನ್ನು ತೊಟ್ಟಿಲಲ್ಲಿ ಹಾಸಿದಳು. ಕಮಲಾ ಬಗ್ಗಿ, ಹದಿಮೂರು ದಿನದಲ್ಲಿ ಮೊದಲ ಸಲ, ಕೂಸನ್ನು ಕೈಯಿಂದ ಕೆಳಗೆ ಇಳಿಸಿದಳು. ಇಳಿಸಿ ಅಲ್ಲೇ ಗೋಡೆಗೊರಗಿ ಕೂತಳು. ಹೆಂಗಸರು ಜೋಗುಳ ಹಾಡುತ್ತಿದ್ದಂತೆ, ಹೆಸರಿಡುವ ಮೊದಲೇ, ಕೂತಲ್ಲೇ ನಿದ್ದೆ ಹೋದಳು. ಯಾರೂ ಎಬ್ಬಿಸಲಿಲ್ಲ. ಹಾಡಿನ ದನಿಯನ್ನು ತಗ್ಗಿಸಿದರು. ಕೂಸಿಗೆ ತಿರಕಪ್ಪ ಎಂದು ಹೆಸರಿಟ್ಟರು. ಬೇಡಿದ ಬಟ್ಟೆಯ ಕೂಸಿಗೆ ಬೇಡುವವನ ಹೆಸರು. ಮೈ ಕೈ ತುಂಬಿಕೊಂಡಿದ್ದಾನೆ. ಸೀನು ಆ ಒಂದೇ ಸಲ ಬಂದದ್ದು, ಮತ್ತೆ ಬರಲಿಲ್ಲ ಎಂದು ಮೊನ್ನೆ ಕಾಗದ ಬಂದಿದೆ.

ಆ ಸಂಜೆ ಗಿರಿಜೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಮಲ್ಲುವಿನ ಒಗೆದ ಸ್ವೆಟರನ್ನು ಬಿಸಿಲು ಇರುವ ಕಡೆಗೆ ಸರಿಸಿ ಸರಿಸಿ ಒಣಗಿಸುತ್ತಿದ್ದಳು. ಎರಡು ದಿನದಿಂದ ಒಣಗಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಮನಸ್ಸಿನಲ್ಲಿ ಒಂದು ಭಾಷಣವನ್ನು ಸಿದ್ಧ ಮಾಡಿಕೊಂಡಿದ್ದೆ. ಭಾರದ ವಿಷಯ, ಬಸ್ಸಿನ ವಿಷಯ, ತಿಳಿಯದೆ ಆದ ವಿಷಯ. ಅರ್ಧ ಹೇಳುವಷ್ಟರಲ್ಲಿ ಅವಳು ಕೈ ಎತ್ತಿದಳು.

“ಗೊತ್ತಾತು ಬಿಡ್ರಿ. ನೀವೇನ ಬೇಕಂತ ಮಾಡಿಲ್ಲ. ಹೊರಿ ಆಕ್ಕೈತಿ ಅಂತ ತಗದ್ರಿ. ನಿಮಗ ಹೇಳದ ಇದ್ದದ್ದು ನಂದೂ ತಪ್ಪು.”

ಅಬ್ಬಾ, ಬಚಾವಾದೆ ಎಂದುಕೊಂಡೆ. (ಇದನ್ನು ಅಚ್ಚಿಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಿದ್ದೇನೆ. “ಹಾಕ್ರಿ, ಅಡ್ಡಿ ಇಲ್ಲ. ಆದ್ರ ಆಖೈರ ಮಾತು ನಂದ ಇರ್ಲಿ,” ಎಂದಳು. ಹಾಗಾಗಿ ಅದನ್ನು ಅವಳು ಆಡಿದಂತೆಯೇ ಬರೆಯುತ್ತಿದ್ದೇನೆ.)

ಅವಳು ಸ್ವೆಟರಿನ ತೋಳನ್ನು ಹಿಂಡಿ, ಕೊಡವಿ, ಮತ್ತೆ ಕಟ್ಟೆಯ ಮೇಲೆ ಹರವಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಕೌದಿ ತಗದಿಟ್ಟದ್ದು ಹೋಗ್ಲಿ. ಎರಡ ದಿನ ನಾ ಹುಚ್ಚಿಗತೆ ಹುಡುಕಾಕತ್ತಿದ್ನಲ್ಲ, ನನ್ನ ಜೋಡಿ ಕುಂತು ನೀವೂ ಯಾಕ ಹುಡುಕಿದ್ರಿ?”